ಅತ್ತೆ ಮನೆ ಬಿಟ್ಟು ಹೊರಟದ್ದು

ನಮ್ಮ ಅತ್ತೆಯಷ್ಟು ಸಲ ಮನೆ ಬಿಟ್ಟು ಹೋದ ಹೆಂಗಸು ಬ್ಯಾಡಗಿ ತಾಲ್ಲೂಕಿನಲ್ಲಿ ಇನ್ನೊಬ್ಬರಿಲ್ಲ! ಒಂದು ಚಳಿಗಾಲ, ಅದರ ಮೇಲೆ ಅರ್ಧ ಬೇಸಿಗೆ, ಅವರು ದಿನಾ ಬೆಳಿಗ್ಗೆ ಬೆನ್ನಿಗೆ ಚೀಲ ಏರಿಸಿ ಮನೆ ಬಿಟ್ಟರು. ದಿನಾ ಯಾರಾದರೊಬ್ಬ ಪುಣ್ಯಾತ್ಮರು ಅವರನ್ನು ಸಮಾಧಾನ ಮಾಡಿ ಮನೆಗೆ ತಂದು ಬಿಟ್ಟರು. ಇದರಲ್ಲಿ ಹೆಸರು ಕೆಟ್ಟದ್ದು ಯಾರದು ಅಂತೀರಿ? ಅತ್ತೆಯದಲ್ಲ, ಮಾವನದೂ ಅಲ್ಲ. ಹಾವೇರಿಯ ಶಾಲೆಯೊಂದರಲ್ಲಿ ಮಕ್ಕಳಿಗೆ ಪಾಠ ಹೇಳಿಕೊಂಡು ನನ್ನ ಪಾಡಿಗೆ ನಾನಿದ್ದೆನಲ್ಲ, ನನ್ನದು!

ಇಷ್ಟಕ್ಕೆಲ್ಲ ಮೂಲ ರಾಣೆಬೆನ್ನೂರಿನ ಒಬ್ಬ ಡಾಕ್ಟರು. ಮೊಣಕಾಲು ನೋವೆಂದು ತೋರಿಸಲು ಹೋದ ಅತ್ತೆಗೆ ಅವರು, "ನಡೀರಿ ಅವ್ವಾರ, ಎಷ್ಟ ನಡದ್ರ ಅಷ್ಟ ಚಲೋ" ಎಂದು ಹೇಳಿ ಕಳಿಸಿದರು. ಬೇರೆ ಯಾರಾದರೂ ಆಗಿದ್ದರೆ ಸಂಜೆ ಗುಡಿಯವರೆಗೆ ಹೋಗಿ ಬಂದು, ಡಾಕ್ಟರ ಮಾತು ಉಳಿಸಿದೆವೆಂದು ಕಾಲು ಚಾಚಿ ಕೂರುತ್ತಿದ್ದರು. ನಮ್ಮ ಅತ್ತೆಗೆ ಯಾವುದನ್ನು ಹಿಡಿದರೂ ಅದರ ತುದಿ ಕಾಣಬೇಕು. ಒಂದು ಸಂಜೆ ಮಾವನ ತಟ್ಟೆಗೆ ರೊಟ್ಟಿ ಹಾಕುತ್ತ ತಣ್ಣಗೆ ಸುದ್ದಿ ಒಡೆದರು.

"ಎಷ್ಟ ನಡದ್ರ ಅಷ್ಟ ಚಲೋ ಅಂದಾರ. ಅದಕ್ಕ ನಾವು ಹಿಮಾಲಯದಾಗ ನಡದ ಬರ್ತೇವಿ."

ಮಾವನ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು. "ನಾವು ಅಂದ್ರ ಯಾರು?"

"ನೀವಲ್ರಿ. ನಾನು, ಖೈರೂ, ಶಾಂತಕ್ಕ."

ಮಾವ ನಿರಾಳವಾಗಿ ಇನ್ನೊಂದು ರೊಟ್ಟಿ ಹಾಕಿಸಿಕೊಂಡರು.

ಖೈರೂ ಆಪಾ ನಮ್ಮ ಪಕ್ಕದ ಮನೆಯವರು, ಇಡೀ ಓಣಿಯ ಹೆಂಗಸರ ಜಂಪರು ಹೊಲಿಯುವವರು. ಶಾಂತಕ್ಕ ಅತ್ತೆಯ ಬಾಲ್ಯದ ಗೆಳತಿ, ರಾಣೆಬೆನ್ನೂರಿನಲ್ಲಿ ಬೀಜದ ಅಂಗಡಿ ಇಟ್ಟವರು. ಮೂವರೂ ಅರವತ್ತರ ಆಸುಪಾಸು. ಫೋನಿನಲ್ಲೇ ಎಲ್ಲ ಗೊತ್ತುಪಡಿಸಿಬಿಟ್ಟಿದ್ದರು: ಬೆನ್ನ ಮೇಲೆ ಹೊರೆ ಹೊತ್ತು ದಿನಗಟ್ಟಲೆ ನಡೆಯುವುದು, ಡೇರೆಯಲ್ಲಿ ಮಲಗುವುದು, ಹಿಮ ಬಿದ್ದ ಎತ್ತರದ ಕಣಿವೆ ದಾರಿಯೊಂದನ್ನು ದಾಟಿ ಗುಡ್ಡದ ಆಚೆ ಬದಿಗೆ ಇಳಿಯುವುದು. ಕರೆದೊಯ್ಯುವವರು ಹಾಕಿದ್ದು ಒಂದೇ ಷರತ್ತು. ತುಂಬಿದ ಚೀಲ ಹೊತ್ತು ಬೆಟ್ಟ ಹತ್ತುವ ಅಭ್ಯಾಸ ಮಾಡಿಕೊಂಡು ಬರಬೇಕು.

ಬೆಟ್ಟ! ಬ್ಯಾಡಗಿಯಲ್ಲಿ ಅವರು ಎಲ್ಲಿಂದ ತಂದಾರು ಬೆಟ್ಟವನ್ನು? ನಮ್ಮ ಓಣಿಯಲ್ಲಿ ಎತ್ತರದ ವಸ್ತು ಅಂದರೆ ನೀರಿನ ಟಾಕಿ. ಅದನ್ನು ಹತ್ತಲು ಹೋಗಿ ನೀರು ಬಿಡುವವನ ಕೈಲಿ ಬೈಸಿಕೊಂಡ ಮೇಲೆ, ಎತ್ತರ ಆಮೇಲೆ ನೋಡಿಕೊಂಡರಾಯಿತು, ಮೊದಲು ಉದ್ದ ನಡೆಯೋಣ ಎಂದು ತೀರ್ಮಾನಿಸಿದರು. ಅತ್ತೆ ಚೀಲಕ್ಕೆ ಜೋಳ ತುಂಬಿದರು. ಸೀರೆಯ ಕೆಳಗೆ ನನ್ನ ಗಂಡನ ಹಳೆಯ ಬೂಟು ಹಾಕಿದರು. ಮೋಟೆಬೆನ್ನೂರಿನ ರಸ್ತೆ ಹಿಡಿದರು. ಅಲ್ಲೇ ಆದದ್ದು ಎಡವಟ್ಟು. ಏಕೆಂದರೆ ಮೋಟೆಬೆನ್ನೂರು ಅತ್ತೆಯ ತವರು!

ಗಂಟು ಹೊತ್ತು ಬೆಳಬೆಳಿಗ್ಗೆ ಒಬ್ಬಳೇ ತವರಿನ ದಾರಿ ಹಿಡಿದ ಹೆಂಗಸನ್ನು ಕಂಡರೆ ನಮ್ಮ ಕಡೆಯ ಜನ ಏನು ತಿಳಿಯುತ್ತಾರೆ? ಮೊದಲ ದಿನವೇ ದೂರದ ಸಂಬಂಧಿ ಬಸಣ್ಣ ಬೈಕು ನಿಲ್ಲಿಸಿದ.

"ದೊಡ್ಡವ್ವಾ! ಇಷ್ಟ ಮುಂಜಾನೆ ಗಂಟ ಹೊತ್ತಕೊಂಡ ಎಲ್ಲಿಗೆ ಹೊಂಟಿ?"

ಅತ್ತೆ ಸುಳ್ಳು ಹೇಳುವವರಲ್ಲ. "ಹಿಮಾಲಯಕ್ಕಪಾ" ಅಂದರು.

ಬಸಣ್ಣನ ಕಣ್ಣಲ್ಲಿ ನೀರು ಬಂತಂತೆ. "ಅಷ್ಟ ಬ್ಯಾಸರಾ ಮಾಡ್ಕೋಬ್ಯಾಡ ದೊಡ್ಡವ್ವಾ, ಮನೀ ಅಂದ ಮ್ಯಾಲೆ ಒಂದ ಮಾತ ಬರ್ತೈತಿ, ಹೋಗ್ತೈತಿ" ಎಂದು, ಜೋಳದ ಚೀಲ ಕಸಿದು ಬೈಕಿನ ಮುಂದಿಟ್ಟುಕೊಂಡು, ಅವರನ್ನು ಹಿಂದೆ ಕೂರಿಸಿಕೊಂಡು ಸೀದಾ ನಮ್ಮ ಅಂಗಳಕ್ಕೆ ತಂದ. ಮಾವ ಆಗ ಹಲ್ಲುಜ್ಜುತ್ತಿದ್ದರು.

"ದೊಡ್ಡಪ್ಪಾ, ನೀವು ಹಿರ್ಯಾರು, ನಿಮಗ ನಾ ಹೇಳೂದಲ್ಲ. ಆದ್ರ ಈ ವಯಸ್ಸಿನ್ಯಾಗ ಆಕಿನ್ನ ಸನ್ಯಾಸಕ್ಕ ಕಳಸೂದು ಚಂದಲ್ರಿ!"

ಬಾಯಿ ತುಂಬ ನೊರೆ ಇದ್ದ ಮಾವ ಏನು ಉತ್ತರ ಕೊಟ್ಟಾರು? ಅವರ ಮೌನವನ್ನೇ ತಪ್ಪೊಪ್ಪಿಗೆ ಎಂದು ತಿಳಿದು ಬಸಣ್ಣ ಚಹಾ ಕುಡಿದು ಹೋದ.

ಮರುದಿನ ಮೆಣಸಿನಕಾಯಿ ಹೇರಿಕೊಂಡು ಮಾರ್ಕೆಟ್ಟಿಗೆ ಹೊರಟ ಟೆಂಪೋದವನು ತಂದು ಬಿಟ್ಟ. ಅದರ ಮರುದಿನ ಹಾಲಿನ ಗಾಡಿಯವನು. ಗಂಡ ಜೊತೆಗಿದ್ದರೆ ಯಾರೂ ತಪ್ಪು ತಿಳಿಯಲಾರರು ಎಂದುಕೊಂಡು ಪಾಪ ಮಾವನೂ ಅವರ ಪಕ್ಕದಲ್ಲಿ ನಡೆಯತೊಡಗಿದರು. ಇದರಿಂದ ಮಾವನ ಮಾನ ಉಳಿಯಿತು, ನಿಜ. ನನ್ನದು ಹೋಯಿತು! ಆ ವಾರ ಹಾವೇರಿ ಬಸ್ಸಿನಲ್ಲಿ ಪಕ್ಕದ ಸೀಟಿನ ಹೆಂಗಸು ನನ್ನ ಕಿವಿಯ ಬಳಿ ಬಾಗಿ ಹೇಳಿದಳು:

"ಬ್ಯಾಡಗಿಯಾಗ ಯಾರೋ ಒಬ್ಬಾಕಿ ಸೊಸಿ ಅಂತ್ರಿ, ಅತ್ತಿ ಮಾವ ಇಬ್ಬರನ್ನೂ ಹೊರಗ ಹಾಕ್ಯಾಳಂತ. ಸಾಲೀ ಕಲಸ್ತಾಳಂತ ಬ್ಯಾರೆ!"

"ಅಯ್ಯ ಶಿವನ! ಖರೇ ಏನ್ರಿ?" ಎಂದು ಕೆನ್ನೆಗೆ ಕೈಯಿಟ್ಟುಕೊಂಡು ನಾನು ಒಂದು ಸ್ಟಾಪು ಮೊದಲೇ ಇಳಿದೆ. ಸಂಜೆಯ ಹೊತ್ತಿಗೆ ಸುದ್ದಿ ನನ್ನ ತವರು ಕುಪ್ಪೇಲೂರಿಗೂ ಮುಟ್ಟಿ, ಅವ್ವ ಫೋನಿನಲ್ಲಿ ಅಳತೊಡಗಿದಳು. "ನಿನಗ ಹಿಂಗ ಕಲಿಸಿದ್ನೇನ ನಾನು?"

ಇನ್ನು ಉಳಿದದ್ದು ಒಂದೇ ದಾರಿ. ನನ್ನ ನಿರಪರಾಧಿತ್ವವನ್ನು ಊರಿಗೆ ತೋರಿಸಲು ನಾನೂ ಒಂದು ಚೀಲ ಏರಿಸಿ ಅತ್ತೆ ಮಾವನ ಜೊತೆ ನಗುನಗುತ್ತ ರಸ್ತೆಯ ತುಂಬ ನಡೆದೆ. ಪಕ್ಕದ ಮನೆಯಿಂದ ಖೈರೂ ಆಪಾನೂ ಚೀಲ ಹೊತ್ತು ಬಂದು ಸೇರಿದರು. ನಾಲ್ಕನೆಯ ದಿನ ಮಾರ್ಕೆಟ್ಟಿನ ವ್ಯಾಪಾರಿಯೊಬ್ಬರು ಮನೆಗೇ ಬಂದು, ಮಾವನನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಕೇಳಿದರು:

"ಎಲ್ಲಾರೂ ಊರ ಬಿಡಾಕತ್ತೀರಂತಲ್ರಿ. ಮನೀ ಕೊಡೂದಿದ್ರ ಮೊದ್ಲ ನನಗ ಹೇಳ್ರಿ."

ನಾವೆಲ್ಲ ಬಿದ್ದು ಬಿದ್ದು ನಕ್ಕೆವು. ಅತ್ತೆ ಮಾತ್ರ ನಗಲಿಲ್ಲ. ಕಟ್ಟೆಯ ಮೇಲೆ ಕೂತು ಬೂಟಿನ ದಾರ ಬಿಚ್ಚುತ್ತಿದ್ದರು.

"ನನ್ನ ಹಣೇಬರಾನ ಇಷ್ಟವಾ" ಅಂದರು. "ಹಾವೇರಿ ಹೈಸ್ಕೂಲಿಗೆ ಹೊಂಟಾಕಿನ್ನ ನಮ್ಮಪ್ಪ ಮೋಟೆಬೆನ್ನೂರ ಬಸ್ ಸ್ಟ್ಯಾಂಡಿನಿಂದ ಹೊಳ್ಳಿ ಕರಕೊಂಡ ಬಂದ. ಗೆಳತ್ಯಾರ ಜೋಡಿ ಸಮುದ್ರ ನೋಡಾಕ ಹೊಂಟಾಗ ನಮ್ಮತ್ತಿ ಬಾಗಲದಾಗಿಂದ ಕರದ್ಲು. ಈಗ ನೋಡಿದ್ರ ಊರಿಗೆ ಊರ ಹೊಳ್ಳಿ ಕರಕೊಂಡ ಬರಾಕತ್ತೈತಿ. ಎಲ್ಲಾರೂ ನನ್ನ ಚಲೋದಕ್ಕ ಮಾಡಿದ್ರವಾ, ನಾ ಏನ ಸಿಟ್ಟಿಲ್ಲ. ಆದ್ರ ಸಾಯೂದರೊಳಗ ಹೊಂಟಲ್ಲಿಗೆ ಒಮ್ಮೆರ ಮುಟ್ಟಬೇಕು."

ಅವರು ಇಷ್ಟು ಉದ್ದ ಮಾತನ್ನು ನಗಿಸದೆ ಆಡಿದ್ದನ್ನು ನಾನು ಕೇಳಿರಲಿಲ್ಲ. ಮರುದಿನದಿಂದ ನನ್ನ ಹೆಸರಿನ ಚಿಂತೆ ಬಿಟ್ಟೆ.

ಹೊರಡುವ ದಿನ ಹತ್ತಿರ ಬಂದಾಗ ಶಾಂತಕ್ಕನ ಮಗಳ ಹೆರಿಗೆಯೂ ಹತ್ತಿರ ಬಂತು. ಬಾಣಂತನ ಬಿಟ್ಟು ಹಿಮಾಲಯಕ್ಕೆ ಹೋದ ತಾಯಿಯನ್ನು ಎಲ್ಲಾದರೂ ಕಂಡಿದ್ದೀರಾ? ಒಂದು ಜಾಗ ಖಾಲಿಯಾಯಿತು. ಅತ್ತೆ ನನ್ನನ್ನು ನೋಡಿದರು, ಖೈರೂ ಆಪಾ ನನ್ನನ್ನು ನೋಡಿದರು. ಶಾಲೆಗೆ ಬೇಸಿಗೆ ರಜೆ ಬೇರೆ! ಮೆಣಸಿನಕಾಯಿ ಸುಗ್ಗಿಯಲ್ಲಿ ಮುಳುಗಿ ಮನೆಯಲ್ಲಿ ಏನು ನಡೆದಿದೆಯೆಂದೇ ಗೊತ್ತಿರದ ನನ್ನ ಗಂಡ, "ಹೋಗಿ ಬಾ, ಅವ್ವನ್ನ ಜ್ವಾಕಿ" ಎಂದುಬಿಟ್ಟರು. ಯಾರನ್ನು ಯಾರು ಜೋಪಾನ ಮಾಡಬೇಕಾಯಿತೆಂಬುದನ್ನು ಮುಂದೆ ಹೇಳುತ್ತೇನೆ.

ಗುಡ್ಡದಲ್ಲಿ ತಿನ್ನಲೆಂದು ಅತ್ತೆ ಕಟ್ಟಿದ ಬುತ್ತಿ ಒಂದು ಮದುವೆಗೆ ಸಾಲುತ್ತಿತ್ತು. ಕಟಕ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಶೇಂಗಾ ಹೋಳಿಗೆ, ಉಂಡಿ. ಆದರೆ ರೈಲಿನಲ್ಲಿ ಬುತ್ತಿ ಬಿಚ್ಚಿ ಎದುರಿನವರನ್ನು ಕರೆಯದೆ ತಿನ್ನುವುದುಂಟೇ? ಬೇರೆಯವರು "ಬರ್ರಿ, ಉಣ್ಣೂಣು" ಎಂದು ಬಾಯಿಮಾತಿಗೆ ಅನ್ನುತ್ತಾರೆ, ಎದುರಿನವರೂ "ಈಗ ಆತ್ರಿ" ಅನ್ನುತ್ತಾರೆ, ಅಲ್ಲಿಗೆ ಮುಗಿಯಿತು. ನಮ್ಮ ಅತ್ತೆ ಕರೆದರೆ ಎದ್ದು ಬರಲೇಬೇಕು! ಭಾಷೆ ಬಾರದವರ ಕೈಗೆ ರೊಟ್ಟಿ ಇಟ್ಟು, ಮೇಲೆ ಚಟ್ನಿ ಸುರಿದು, ತಿನ್ನುವವರೆಗೆ ಎದುರು ಕೂತು ನೋಡುತ್ತಿದ್ದರು. ದಿಲ್ಲಿ ಮುಟ್ಟುವ ಹೊತ್ತಿಗೆ ಇಡೀ ರೈಲು ಡಬ್ಬಿಯೇ ನಮ್ಮ ಬಳಗವಾಗಿತ್ತು. ಹಿಮಾಲಯಕ್ಕೆ ಉಳಿದದ್ದು ಒಂದು ಬಾಟಲಿ ಖಾರಪುಡಿ!

ಗುಡ್ಡದಲ್ಲಿ ನಮ್ಮ ಗೈಡು ಗಂಭೀರ ಮನುಷ್ಯ. ಅವನ ಹಿಂದಿಯನ್ನು ನಮಗೆ ತಿಳಿಸುವ ಹೊಣೆ ಖೈರೂ ಆಪಾದು. ಅವನು ಕಾಲುಗಂಟೆ ಮಾತಾಡಿದರೆ ಆಪಾ ಕನ್ನಡಕ್ಕೆ ಇಷ್ಟೇ ತರುತ್ತಿದ್ದರು: "ಸುಮ್ಮನ ನಡೀರಿ ಅಂತಾನ." ಮೊದಲ ಎರಡು ದಿನ ಅತ್ತೆಗೆ ಸ್ವರ್ಗ. ಬೈಕಿಲ್ಲ, ಟೆಂಪೋ ಇಲ್ಲ, ಬಸಣ್ಣನಿಲ್ಲ! ಮೂರನೆಯ ದಿನ ಮಾತ್ರ ಸ್ವಲ್ಪ ಮುನಿಸಿಕೊಂಡರು. ಎದುರಿಗೆ ಕುರಿ ಹೊಡೆದುಕೊಂಡು ಬಂದವನು ಮಾತಾಡಿಸದೆ ಹೋದನಂತೆ. "ಎಂಥಾ ಮಂದಿನವಾ! ಎಲ್ಲಿಗೆ ಹೊಂಟಿ ಅಂತ ಒಬ್ರರ ಕೇಳವಲ್ರು."

ಆ ಕಣಿವೆ ದಾರಿ ದಾಟುವ ದಿನ ಬಂತು. ಮುಂದೆ ಬಿಳಿಯ ಏರು, ಅದರ ತಲೆಯ ಮೇಲೆ ದಾರಿ. ಅರ್ಧ ಹತ್ತಿ ಒಮ್ಮೆ ಕೆಳಗೆ ನೋಡಿದ್ದೇ ತಪ್ಪಾಯಿತು. ಒಂದು ಬಂಡೆ ತಬ್ಬಿಕೊಂಡು ಕೂತುಬಿಟ್ಟೆ. ಗೈಡು ಬಂದು ನನ್ನ ಉಸಿರು, ನಾಡಿ ಎಲ್ಲ ನೋಡಿ ಆಪಾಗೆ ಏನೋ ಹೇಳಿದ.

"ಬ್ಯಾನಿ ಏನಿಲ್ಲಂತ, ಅಂಜ್ಯಾಳಂತ. ಬ್ಯಾಡಂದ್ರ ಒಬ್ಬರ ಜೋಡಿ ಈಕಿನ್ನ ಕೆಳಗ ಕಳಸ್ತಾನಂತ. ನಾವಿಬ್ರೂ ಲಗೂ ಮುಂದ ಹೋಗಬೇಕಂತ, ಮ್ವಾಡ ಕವಿಯಾಕತ್ತೈತಿ" ಅಂದರು ಆಪಾ.

ಅತ್ತೆ ನನ್ನ ಪಕ್ಕ ಬಂದು ಕೂತರು. "ಇಷ್ಟ ದಿನಾ ಸೊಸಿ ಅತ್ತಿನ್ನ ಹೊರಗ ಹಾಕ್ಯಾಳ ಅಂತಿದ್ರು. ಈಗ ಅತ್ತಿ ಸೊಸಿನ್ನ ಗುಡ್ಡದಾಗ ಬಿಟ್ಟ ಬಂದ್ಲು ಅನ್ನಿಸ್ಕೋಲೇನು? ಏಳು, ಹೊಳ್ಳಿ ಹೋಗೂಣು."

ಅಷ್ಟು ಸಲೀಸಾಗಿ ಹೇಳಿಬಿಟ್ಟರು! ಹೇಳಿ, ಚೀಲ ಸರಿಮಾಡಿಕೊಂಡು, ಕೆಳಗಿನ ದಾರಿಯ ಕಡೆಗೆ ತಿರುಗಿಯೂ ನಿಂತರು. ಮೇಲಿನ ಆ ದಾರಿಯ ಕಡೆ ಒಂದು ಸಲವೂ ನೋಡಲಿಲ್ಲ. ನೋಡದೆ ಇರಲು ಅವರಿಗೆ ಅಭ್ಯಾಸವಾಗಿತ್ತೆಂದು ನನಗೆ ಆಗ ತಿಳಿಯಿತು. ಅವರಪ್ಪ, ಅವರತ್ತೆ, ಬಸಣ್ಣ, ಟೆಂಪೋದವನು... ಆ ಸಾಲಿಗೆ ಈಗ ನಾನು! ಸಿಟ್ಟು ಬಂತು, ಅಳುವೂ ಬಂತು. ಎದ್ದು ನಿಂತೆ.

"ಇಲ್ರಿ ಅತ್ತಿ. ಮುಂದ ನಡೀರಿ. ನಿಮ್ಮ ಹಿಂದ ನಾ ಬರ್ತೇನಿ."

ಅವರು ನನ್ನ ಮುಖವನ್ನೇ ನೋಡಿದರು. ಆಮೇಲೆ ನನ್ನ ಚೀಲ ಬಿಚ್ಚಿಸಿ ತಮ್ಮ ಎದೆಗೆ ಹಾಕಿಕೊಂಡರು. ಹಿಂದೊಂದು, ಮುಂದೊಂದು! ಖೈರೂ ಆಪಾ ತಾವು ಹೊದ್ದ ದುಪಟ್ಟಾದ ತುದಿಯನ್ನು ನನ್ನ ಕೈಗೆ ಕೊಟ್ಟರು. ಹೆಜ್ಜೆಗೊಮ್ಮೆ ನಿಂತು, ಗೈಡನಿಂದ ಬೈಸಿಕೊಂಡು, ನಾನು ಗೊತ್ತಿದ್ದ ದೇವರನ್ನೆಲ್ಲ ಕರೆದೆ. ಆಪಾ ತಮ್ಮ ದೇವರನ್ನು ಕರೆದರು. ಹತ್ತಿದೆವು. ಮೇಲೆ ನಿಂತು ಅತ್ತೆ ಆಚೆ ಬದಿ ಇಣುಕಿ, "ಯವ್ವಾ, ಈ ಕಡೀನೂ ಗುಡ್ಡಾನ ಐತಲ್ಲ!" ಎಂದಾಗ ಗಂಭೀರ ಗೈಡೂ ಕಾರಣ ತಿಳಿಯದೆ ನಮ್ಮ ಜೊತೆ ನಕ್ಕ. ಅದೇ ನಗೆಯಲ್ಲಿ ಆಚೆ ಬದಿಯ ಊರಿಗೆ ಇಳಿದೆವು.

ವಾಪಸು ಬರುವಾಗ ಹಾವೇರಿಯಿಂದ ಬಸ್ಸು ಹತ್ತಿದ ಅತ್ತೆ ಮೋಟೆಬೆನ್ನೂರಿನಲ್ಲೇ ಇಳಿದುಬಿಟ್ಟರು. "ಇಲ್ಲಿಂದ ನಡಕೊಂಡ ಹೋಗೂಣು." ನಾವೂ ಇಳಿದೆವು. ಎರಡು ಹೊಲ ದಾಟುವುದರೊಳಗೆ ಹಿಂದಿನಿಂದ ಬೈಕಿನ ಸದ್ದು. ಇನ್ನಾರು, ಬಸಣ್ಣ!

"ದೊಡ್ಡವ್ವಾ! ಹತ್ತು ಹತ್ತು, ಮನೀಗೆ ಬಿಡತೇನಿ."

"ಬ್ಯಾಡಪಾ. ಈ ಸಲಾ ನಾನ ಹೊಂಟೇನಿ."

ಬಸಣ್ಣ ಬಿಸಿಲಲ್ಲಿ ಸುಟ್ಟು ಕಪ್ಪಾದ ಅವರ ಮುಖವನ್ನೂ ಬಾಯಿ ಬಿಟ್ಟಿದ್ದ ಬೂಟನ್ನೂ ಒಂದು ಗಳಿಗೆ ನೋಡಿದ. ಆಮೇಲೆ ಗಾಡಿ ಬಂದ್ ಮಾಡಿ ಇಳಿದು, ಅದನ್ನು ದೂಡಿಕೊಂಡು ನಮ್ಮ ಜೊತೆ ಊರವರೆಗೂ ನಡೆದ.

ಮಾವ ಬಾಗಿಲಲ್ಲೇ ನಿಂತಿದ್ದರು. ಕಾಲಿಗೆ ನೀರು ಕೊಡುತ್ತ, "ಹೊಳ್ಳಿ ಬಂದ್ಯಾ?" ಎಂದು ಕೇಳಿದರು. ಊರಿನಿಂದ ಬಂದವರನ್ನು ಎಲ್ಲರೂ ಕೇಳುವ ಮಾತು ಅದು.

ಅತ್ತೆ ತಂಬಿಗೆ ಹಿಡಿದು ಹೊಸ್ತಿಲ ಈಚೆಗೇ ನಿಂತರು. ತಿಂಗಳುಗಟ್ಟಲೆ ಹೊತ್ತ ಜೋಳ, ಟೆಂಪೋ, ಬೈಕು, ಹಿಮ, ಯಾವುದಕ್ಕೂ ಅಳದ ಅವರು ಆಗ ಸೆರಗಿನಿಂದ ಕಣ್ಣೊರೆಸಿಕೊಂಡರು.

"ಇಲ್ರೀ" ಅಂದರು. "ಮುಟ್ಟಿ ಬಂದೇನಿ."