ಎಲ್ಲೂರಿನಲ್ಲಿ ನಿಲ್ಲದ ರೈಲು

ನನಗೆ ಸಿಟ್ಟು ಬೇಗ ಬರುತ್ತದೆ ಎಂದು ಹೇಳುವವರನ್ನು ಕಂಡರೆ ನನಗೆ ಕೂಡಲೇ ಸಿಟ್ಟು ಬರುತ್ತದೆ. ಬೆಳಿಗ್ಗೆ ಎದ್ದು ಕಾಫಿ ಕುಡಿಯುವಷ್ಟರಲ್ಲಿ ಸಿಟ್ಟು ಬರಲು ಬೇಕಾದಷ್ಟು ಕಾರಣಗಳನ್ನು ಈ ಲೋಕ ಬಾಗಿಲಿಗೇ ತಂದು ಹಾಕುತ್ತದೆ; ಅದನ್ನು ಕಂಡೂ ನಗುನಗುತ್ತ ಇರುವವರಿಗೆ ಬೇಕಾದರೆ ಮದ್ದು ಕೊಡಿಸಿ. ನನ್ನ ಅತ್ತೆಯವರು ಮದುವೆಯ ಹೊಸತರಲ್ಲಿಯೇ ಮಗಳನ್ನು ಒಳಗೆ ಕರೆದು, "ಅಳಿಯಂದಿರಿಗೆ ಮೂಗಿನ ತುದಿಯಲ್ಲೇ ಕೋಪ, ನೀನು ಜಾಗ್ರತೆ" ಎಂದಿದ್ದರಂತೆ. ಅದು ಕಿವಿಗೆ ಬಿದ್ದಾಗಲೂ ನನಗೆ ಸಿಟ್ಟೇ ಬಂತು. ಆದರೆ ನಾನು ಈಗ ಹೇಳಹೊರಟಿರುವ ಸಿಟ್ಟು ಅಂಥ ಚಿಲ್ಲರೆ ಸಿಟ್ಟಲ್ಲ. ಇದು ರೈಲಿನ ಸಿಟ್ಟು.

ನನ್ನ ಹವ್ಯಾಸ ರೈಲು. ಮುಂಬಯಿಯಲ್ಲಿ ನಕಾಶೆ ಬರೆಯುವ ಕೆಲಸದಲ್ಲಿದ್ದ ವರ್ಷಗಳಲ್ಲಿ ಅದು ಹತ್ತಿಕೊಂಡಿತು. ಅಲ್ಲಿ ಬೆಳಿಗ್ಗೆ ರೈಲು, ಸಂಜೆ ರೈಲು, ಕನಸಿನಲ್ಲೂ ರೈಲು. ಮಣಿಪಾಲದ ಒಂದು ಕಚೇರಿಯಲ್ಲಿ ಕೆಲಸ ಸಿಕ್ಕಿ ಕಡಿಯಾಳಿಯಲ್ಲಿ ಮನೆ ಮಾಡಿದ ಮೇಲೆ ನೋಡುತ್ತೇನೆ, ಈ ಎಂಬತ್ತರ ದಶಕದಲ್ಲೂ ಇಲ್ಲಿ ಹಳಿಯೆಂಬುದೇ ಇಲ್ಲ. ಮಂಗಳೂರಿಗೆ ಬಂದ ರೈಲು ಸಾಕಪ್ಪಾ ಎಂದು ಅಲ್ಲಿಯೇ ಕುಳಿತುಬಿಟ್ಟಿದೆ. ಚುನಾವಣೆ ಹತ್ತಿರ ಬಂದಾಗ ಉಡುಪಿಗೆ ರೈಲೂ ಹತ್ತಿರ ಬರುತ್ತದೆ. ಮತ ಎಣಿಸಿ ಆದ ಮೇಲೆ ಮರಳಿ ಮಂಗಳೂರಿಗೇ ಹೋಗುತ್ತದೆ. ಕಾದು ಕಾದು ಸಾಕಾಗಿ, ಸರಕಾರ ತಾರದಿದ್ದರೆ ನಾನೇ ತರುತ್ತೇನೆ ಎಂದು ಹಟ ಹಿಡಿದು ಮಂಗಳೂರಿನಿಂದ ಉಡುಪಿಗೆ ಹಳಿ ಹಾಕಿಯೇ ಬಿಟ್ಟೆ. ಹಾಕಿದ್ದು ನಮ್ಮ ಊಟದ ಮೇಜಿನ ಮೇಲೆ.

ಮೇಜು ಎಂದರೆ ಸಾಧಾರಣ ಮೇಜಲ್ಲ. ಹೆಂಡತಿ ಸುಶೀಲೆಯ ತವರಾದ, ಪಡುಬಿದ್ರಿಗೂ ಕಾಪುವಿಗೂ ನಡುವಿನ ಎಲ್ಲೂರಿನಲ್ಲಿ, ಅವರ ಹಿತ್ತಲಿನದೇ ಹಲಸಿನ ಮರ ಕಡಿಸಿ, ಮಾವನವರು ಎದುರು ನಿಂತು ಮಾಡಿಸಿ ಮದುವೆಗೆ ಕೊಟ್ಟದ್ದು. ಒಂದು ಕೊನೆಯಲ್ಲಿ ಮಂಗಳೂರು, ನಡುವೆ ಮೂಲ್ಕಿ, ಪಡುಬಿದ್ರಿ, ಕಾಪು, ಇನ್ನೊಂದು ಕೊನೆಯಲ್ಲಿ ಉಡುಪಿ. ಮುಂಬಯಿಯಿಂದ ತಂದ, ಕೀಲಿ ಕೊಟ್ಟರೆ ಓಡುವ ಎಂಜಿನ್ನಿಗೆ ನಾನೇ ಬೆಂಕಿಪೆಟ್ಟಿಗೆಯ ಮರ ಮತ್ತು ಡಾಲ್ಡಾ ಡಬ್ಬಿಯ ತಗಡಿನಿಂದ ಬೋಗಿಗಳನ್ನು ಮಾಡಿದ್ದೆ. ಇಷ್ಟೆಲ್ಲ ಆದ ಮೇಲೆ ಊಟದ ಬಟ್ಟಲಿಡಲು ಜಾಗವೆಲ್ಲಿ? ನಾವು ನೆಲದಲ್ಲಿ ಮಣೆ ಹಾಕಿ ಉಣ್ಣತೊಡಗಿದೆವು. ಅದು ಆರೋಗ್ಯಕ್ಕೆ ಒಳ್ಳೆಯದೆಂದು ನಾನು ಹೇಳಿದೆ. ಸುಶೀಲೆ ದಿನವೂ ನೆಲ ಒರೆಸಿ ಮಣೆ ಹಾಕಿದಳು. ಸಿಟ್ಟು ಮಾಡದವರ ಜೊತೆ ಸಂಸಾರ ಮಾಡುವುದು ಎಷ್ಟು ಕಷ್ಟವೆಂದು ನನ್ನಂಥವರಿಗೇ ಗೊತ್ತು. ಕೊನೆಗೆ ಮಣಿಪಾಲದಲ್ಲಿ ಮಾದರಿ ರೈಲುಗಳ ಪ್ರದರ್ಶನ ನಡೆಯುತ್ತದೆಂಬ ಸುದ್ದಿ ಬಂದ ದಿನ ಅವಳು ಸಾರು ಬಡಿಸುತ್ತ ಹೇಳಿದಳು: "ಆ ಪ್ರದರ್ಶನಕ್ಕೆ ಮೇಜು ತಗೊಂಡು ಹೋಗಿ. ನಾನೂ ಬರ್ತೇನೆ. ನೋಡಿದವರು ಒಳ್ಳೆದುಂಟು ಅಂತ ಹೇಳಿದ್ರೆ ಮೇಜು ನಿಮ್ಮ ರೈಲಿಗೆ. ಇಲ್ಲದಿದ್ರೆ ಬಟ್ಟಲಿಗೆ. ಆಯ್ತಾ?" ಆಯಿತು ಎಂದೆ. ನನ್ನ ರೈಲನ್ನು ಒಳ್ಳೆಯದಲ್ಲ ಎನ್ನುವ ಧೈರ್ಯ ಯಾರಿಗಿದೆ ಎಂಬುದು ನನ್ನ ಎಣಿಕೆ.

ಜಿಲ್ಲೆಯಲ್ಲಿ ಈ ಹುಚ್ಚು ನನಗೊಬ್ಬನಿಗೇ ಎಂದು ತಿಳಿದಿದ್ದವನಿಗೆ ಅಲ್ಲಿನ ಶಾಲೆಯ ಸಭಾಂಗಣದಲ್ಲಿ ಇನ್ನಿಬ್ಬರು ಸಿಕ್ಕಿದರು. ಒಬ್ಬರು ಕಾಪುವಿನ ಲಾರೆನ್ಸ್, ಕುವೈತಿನಿಂದ ರಜೆಯಲ್ಲಿ ಬಂದವರು. ಅವರದು ಬ್ಯಾಟರಿಯ ರೈಲು, ಕೂಗುತ್ತದೆ, ಮುಂದೆ ದೀಪ ಉರಿಯುತ್ತದೆ. ಇನ್ನೊಬ್ಬರು ಕಾರ್ಕಳದ ಕರುಣಾಕರ, ಅಲ್ಲಿನ ಬಸ್‌ಸ್ಟ್ಯಾಂಡಿನಲ್ಲಿ ಟೈಮ್ ಕೀಪರ್. ಅವರ ರೈಲು ನನ್ನದರಂತೆಯೇ ಕೀಲಿಯದು. ಹಳಿಯ ಅಗಲವೂ ಮೂವರದು ಒಂದೇ! ಆ ಹೊತ್ತಿನಲ್ಲಿ ನನಗೆ ಆದ ಸಂತೋಷ ಹೇಳಲಾರೆ. ಹುಟ್ಟಿದೂರಿನಲ್ಲಿ ಇಷ್ಟು ವರ್ಷ ಮೂಕನಾಗಿದ್ದವನಿಗೆ ತನ್ನ ಭಾಷೆಯವರು ಸಿಕ್ಕಿದ ಹಾಗಾಯಿತು. ಕೈ ಕುಲುಕಿದೆವು, ಬೋಗಿಗಳನ್ನು ಎತ್ತಿ ಅಡಿ ನೋಡಿದೆವು, ಮೂರು ಮೇಜುಗಳನ್ನೂ ಜೋಡಿಸಿ ಒಂದೇ ಸುತ್ತು ಹಳಿ ಮಾಡೋಣ ಎಂದೆವು. ಹಾಗೆ ಹೇಳಿದವನು ನಾನೇ. ನೆನಸಿಕೊಂಡರೆ ಈಗಲೂ ಮೈ ಉರಿಯುತ್ತದೆ.

ಮೊದಲ ತಕರಾರು ಲಾರೆನ್ಸರದು. ಅವರ ಮೇಜಿನಲ್ಲಿ ದೀಪಸ್ತಂಭ ಸಮೇತ ಕಾಪು ಇತ್ತು. ನನ್ನ ಮೇಜಿನಲ್ಲೂ ಕಾಪು ಇತ್ತು. "ಸರ್, ನಿಮ್ಮ ಕಾಪು ತೆಗೀರಿ. ಲೈಟ್‌ಹೌಸ್ ಇಲ್ಲದ ಕಾಪು ಎಂತ ಕಾಪು?" ಎಂದರು. ರೈಲಿಗೆ ಬೇಕಾದದ್ದು ಸ್ಟೇಷನ್, ಲೈಟ್‌ಹೌಸ್ ಬೇಕಾದದ್ದು ಹಡಗಿಗೆ ಎಂದು ನಾನು ಎಷ್ಟು ಹೇಳಿದರೂ ಅವರು ಕೇಳಲಿಲ್ಲ. ನಾನು ಹಲ್ಲು ಕಚ್ಚಿಕೊಂಡು, ವರ್ಷಗಟ್ಟಲೆ ನಿಂತಿದ್ದ ನನ್ನ ಕಾಪುವಿನ ಫಲಕವನ್ನು ಕಿತ್ತು ಜೇಬಿಗೆ ಹಾಕಿಕೊಂಡೆ. ಕರುಣಾಕರ ತಮ್ಮ ಮೇಜಿನಲ್ಲಿ ಸ್ಟೀಲಿನ ಹರಿವಾಣಕ್ಕೆ ನೀರು ತುಂಬಿಸಿ ತಮ್ಮೂರಿನ ಆನೆಕೆರೆ ಮಾಡಿದ್ದರು. ಅದು ಹಳಿಯ ಅಂಚಿಗೇ ಇತ್ತು. ಸ್ವಲ್ಪ ಸರಿಸಿ ಎಂದರೆ, "ಕೆರೆ ಇದ್ದಲ್ಲೇ ಇರ್ತದೆ, ನಿಮ್ಮ ರೈಲು ಬೇಕಾದ್ರೆ ಆಚೆಯಿಂದ ಹೋಗ್ಲಿ" ಎಂದರು.

ಇನ್ನು ಮುಂದಿನದು ಅರ್ಥವಾಗಬೇಕಾದರೆ ನಮ್ಮ ಕಡೆಯ ಬಸ್ಸುಗಳ ಸಂಗತಿ ತಿಳಿದಿರಬೇಕು. ಇಲ್ಲಿ ಒಬ್ಬ ಮಾಲಕನ ಬಸ್ಸಿನ ಬೆನ್ನಿಗೇ ಇನ್ನೊಬ್ಬನ ಬಸ್ಸು ಹೊರಡುತ್ತದೆ. ಮುಂದಿನವನು ಸ್ವಲ್ಪ ತಡಮಾಡಿದರೆ ಹಿಂದಿನವನಿಗೆ ಸಿಗಬೇಕಾದ ಜನರನ್ನೆಲ್ಲ ಬಾಚಿಕೊಂಡು ಹೋಗುತ್ತಾನೆ. ಅದನ್ನು ತಡೆಯಲು ವಾಚು ನೋಡಿಕೊಂಡು, ಸೀಟಿ ಊದಿ, ಬಸ್ಸಿನ ಬೆನ್ನು ತಟ್ಟಿ ಹೊರಡಿಸುವವನೇ ಟೈಮ್ ಕೀಪರ್. ಅವನಿಗೂ ಡ್ರೈವರುಗಳಿಗೂ ದಿನವೂ ಜಗಳ. ಆ ಕೆಲಸವನ್ನೇ ಮಾಡಿ ಕೂದಲು ನೆರೆಸಿಕೊಂಡ ಕರುಣಾಕರರು ಸೀಟಿಯನ್ನು ಸಭಾಂಗಣಕ್ಕೂ ತಂದಿದ್ದರು. ನನ್ನ ರೈಲು ಉಡುಪಿಯಲ್ಲಿ ಘನತೆಯಿಂದ ನಿಂತಿರುವಾಗ ಮೇಜನ್ನು ದಬದಬ ಬಡಿದು, "ಹೊರಡಿ ಹೊರಡಿ, ನಿಮ್ಮ ಟೈಮ್ ಆಯ್ತು! ಈಗ ನನ್ನ ಟೈಮ್!" ಎಂದು ಅಬ್ಬರಿಸಿದರು. ರೈಲಿಗೆ ಸಿಗ್ನಲ್ ಬೀಳಬೇಕು ಎಂದೆ. "ಎಂತ ಸಿಗ್ನಲ್ ಮಾರಾಯ್ರೆ, ನೀವು ನನ್ನ ಪ್ಯಾಸೆಂಜರ್ ಹಾಕ್ಲಿಕ್ಕೆ ನಿಂತದ್ದಲ್ವಾ?" ಎಂದರು. ಬೆಂಕಿಪೆಟ್ಟಿಗೆಯ ಮರದ ಬೋಗಿಗೆ ಎಲ್ಲಿಯ ಪ್ಯಾಸೆಂಜರ್! ನಾನು ಉತ್ತರ ಕೊಡಲು ಬಾಯಿ ತೆರೆಯುವಷ್ಟರಲ್ಲಿ ಆ ಮನುಷ್ಯ ತನ್ನ ರೈಲನ್ನು ಎರಡೂ ಕೈಗಳಲ್ಲಿ ಎತ್ತಿ ನನ್ನ ರೈಲಿನ ಮುಂದೆ ತಂದಿಟ್ಟು, ಸೀಟಿ ಊದಿ, "ರೈಟ್, ಪೋಯಿ!" ಎಂದು ತುಳುವಿನಲ್ಲಿ ಹೊರಡಿಸಿಯೇ ಬಿಟ್ಟರು.

ಓವರ್‌ಟೇಕ್! ರೈಲಿನಲ್ಲಿ ಓವರ್‌ಟೇಕ್! ಹುಟ್ಟಿದಂದಿನಿಂದ ಬಸ್ಸನ್ನು ಮಾತ್ರ ಕಂಡ ಜನರಲ್ಲದೆ ಬೇರೆ ಯಾರಾದರೂ ಹೀಗೆ ಮಾಡಿಯಾರೇ? ಜನ ಚಪ್ಪಾಳೆ ತಟ್ಟಿದರು. ಅದನ್ನು ಕಂಡು ಲಾರೆನ್ಸರಿಗೂ ಹುರುಪು ಬಂದು, ಅವರೂ ತಮ್ಮ ರೈಲನ್ನು ಎತ್ತಿ ಕರುಣಾಕರರ ಮುಂದೆ ಇಟ್ಟರು. ಕುವೈತಿನಲ್ಲಿ ಅಷ್ಟು ವರ್ಷ ಇದ್ದರೂ ಒಳಗಿನ ಕಾಪು–ಉಡುಪಿ ಸರ್ವಿಸ್ ಬಸ್ಸು ಹೋಗಿರಲಿಲ್ಲ. ಹಾಗೆ ಎತ್ತಿಡುವ ಅವಸರದಲ್ಲಿ ಒಂದು ಚಕ್ರ ಹಳಿಯಿಂದ ಹೊರಗೇ ಉಳಿದದ್ದನ್ನು ಯಾರೂ ನೋಡಲಿಲ್ಲ. ದೀಪ ಉರಿಸಿಕೊಂಡು, ಕೂಗಿಕೊಂಡು ಹೋದ ಆ ಚಂದದ ಎಂಜಿನ್ನು ಕಾರ್ಕಳದಲ್ಲಿ ಓರೆಯಾಗಿ ಆನೆಕೆರೆಗೆ ಬಿತ್ತು. ಅದರ ಹಿಂದೆ ಕರುಣಾಕರರದ್ದು ಬಿತ್ತು. ನಿಯಮದ ಪ್ರಕಾರ ನಿಧಾನವಾಗಿ ಬರುತ್ತಿದ್ದ ನನ್ನ ರೈಲೂ ಅವೆರಡರ ಮೇಲೆ ಹೋಗಿ ಬಿತ್ತು. ನಾನು ಏನು ಬೈದೆನೋ ನನಗೆ ನೆನಪಿಲ್ಲ; ಪ್ರದರ್ಶನದ ಕಾರ್ಯದರ್ಶಿಗಳು ಬಂದು ಇದು ಶಾಲೆ ಎಂದು ನೆನಪಿಸಿದ್ದಷ್ಟು ನೆನಪಿದೆ.

ಒರೆಸಿ, ಒಣಗಿಸಿ, ನನ್ನ ರೈಲನ್ನು ನನ್ನ ಮೇಜಿನಲ್ಲಿ ಮಾತ್ರ ಓಡಿಸುವುದೆಂದು ಶಪಥ ಮಾಡಿ ಮತ್ತೆ ಕೀಲಿ ಕೊಟ್ಟೆ. ಆಗ ಸಾರ್ವಜನಿಕರು ಶುರುಮಾಡಿದರು. ಮಣಿಪಾಲದ ಮನೆಗಳಿಗೆ ಮೀನು ಮಾರಿ, ಖಾಲಿ ಬುಟ್ಟಿ ಕಂಕುಳಲ್ಲಿಟ್ಟುಕೊಂಡು ನೆರಳಿಗೆಂದು ಒಳಗೆ ಬಂದಿದ್ದ ಗಿರಿಜಕ್ಕ ಎಂಬಾಕೆ ನನ್ನ ರೈಲಿಗೆ ಅಡ್ಡ ಕೈ ಹಿಡಿದರು. ಬಸ್ಸಿಗೆ ಹಿಡಿಯುವ ಹಾಗೆಯೇ.

"ಅಣ್ಣ, ಇದು ಕಟಪಾಡಿಯಲ್ಲಿ ನಿಲ್ಲುದಿಲ್ವಾ?"

"ಇಲ್ಲಮ್ಮ, ಇದು ಎಕ್ಸ್‌ಪ್ರೆಸ್."

"ನಿಲ್ಲದಿದ್ರೆ ನಾನು ಇಳಿಯುದು ಹೇಗೆ? ಬುಟ್ಟಿ ಉಂಟಲ್ಲ."

ಅವರ ಹಿಂದೆ ಇದ್ದವರೊಬ್ಬರು ಪೆರ್ಡೂರಿಗೆ ಒಂದು ಲೈನ್ ಹಾಕಲು ಎಂತ ಕಷ್ಟ ಎಂದು ಕೇಳಿದರು. ಇನ್ನೊಬ್ಬರು ಪರ್ಕಳಕ್ಕೆ ಯಾವತ್ತೂ ಅನ್ಯಾಯವೇ ಆಗುವುದೆಂದು ನಿಟ್ಟುಸಿರು ಬಿಟ್ಟರು. ಮತ್ತೊಬ್ಬರು, ಪಡುಬಿದ್ರಿಯಲ್ಲಿ ನಿಲ್ಲಿಸಲು ನನಗೆ ಯಾರು ಏನು ಕೊಟ್ಟಿದ್ದಾರೆ ಎಂದು ಕಣ್ಣು ಸಣ್ಣದು ಮಾಡಿ ವಿಚಾರಿಸಿದರು. ಬೋಗಿಯ ಬಾಗಿಲನ್ನು ಹೇಗೆ ಕೊರೆದೆ, ಸಿಗ್ನಲ್ಲಿನ ಕೈ ಹೇಗೆ ಏಳುತ್ತದೆ ಎಂದು ಒಬ್ಬನೇ ಒಬ್ಬ ಕೇಳಲಿ? ಇಲ್ಲ. ಎಲ್ಲರಿಗೂ ಅವರವರ ಮನೆಯ ಗೇಟಿನೆದುರು ಸ್ಟಾಪು ಬೇಕು. ನನ್ನ ನೆತ್ತಿಗೇರಿತು. ಮೇಜನ್ನು ಗುದ್ದಿ, ಇಡೀ ಸಭಾಂಗಣಕ್ಕೆ ಕೇಳುವಂತೆ ಕಿರುಚಿದೆ: "ಕಂಡಕಂಡಲ್ಲಿ ನಿಲ್ಲಿಸಿದ್ರೆ ಎಂತ ಎಕ್ಸ್‌ಪ್ರೆಸ್ ರೀ ಅದು? ಎಲ್ಲೂರಿನಲ್ಲಿ ನನ್ನ ಮಾವನೇ ಬಂದು ಅಡ್ಡ ಕೈ ಹಿಡಿದು ನಿಂತರೂ ಇದು ನಿಲ್ಲುವುದಿಲ್ಲ!"

ಗಿರಿಜಕ್ಕನ ಹಿಂದಿನಿಂದ ಬುತ್ತಿಯ ಪಾತ್ರೆ ಹಿಡಿದ ಸುಶೀಲೆ ಮುಂದೆ ಬಂದಳು. ಅವಳು ಯಾವಾಗಿನಿಂದ ಅಲ್ಲಿ ನಿಂತಿದ್ದಳೋ ದೇವರಿಗೇ ಗೊತ್ತು. ಮೂಲ್ಕಿಯಿಂದ ಉಡುಪಿಯವರೆಗೆ ಹಳಿಯನ್ನು ಒಮ್ಮೆ ಕಣ್ಣಿನಿಂದ ಅಳೆದು, ಮೆಲ್ಲನೆ ಕೇಳಿದಳು: "ಈ ಮೇಜು ಯಾವ ಊರಿಂದ ಬಂದದ್ದು ಅಂತ ಇವರಿಗೆಲ್ಲ ಹೇಳಿದ್ದೀರಾ?" ನಾನು ಹಳಿ ಒರೆಸತೊಡಗಿದೆ. "ನಮ್ಮಪ್ಪ ಮಾಡಿಸಿ ಕೊಟ್ಟದ್ದು, ಎಲ್ಲೂರಿಂದ" ಎಂದು ಅವಳೇ ಗಿರಿಜಕ್ಕನಿಗೆ ಹೇಳಿದಳು. ಆಮೇಲೆ ಎದ್ದ ನಗುವಿನಲ್ಲಿ ಅತಿ ದೊಡ್ಡದು ಕರುಣಾಕರರದು. ಒಳ್ಳೆಯದುಂಟು ಎಂದು ಒಬ್ಬರೂ ಹೇಳಲಿಲ್ಲವೆಂಬುದು ಆಗ ನನ್ನ ಗಮನಕ್ಕೆ ಬಂತು. ಮೇಜು ಬಟ್ಟಲಿನ ಪಾಲಾಯಿತು.

ಸಂಜೆ ಮೇಜನ್ನು ಮನೆಗೆ ಒಯ್ಯುತ್ತೇನೆಂದಿದ್ದ ಟೆಂಪೋದವನು ಬರಲಿಲ್ಲ. ಅವನನ್ನು ಬೈಯುವಷ್ಟು ತ್ರಾಣವೂ ನನ್ನಲ್ಲಿ ಉಳಿದಿರಲಿಲ್ಲ. ಕರುಣಾಕರರೇ ಮನಸ್ಸು ಕರಗಿ, ಕಾರ್ಕಳದಿಂದ ಉಡುಪಿಗೆ ಹೋಗುವ ತಮ್ಮ ಕಂಪೆನಿಯ ಬಸ್ಸಿಗೆ ಕೈ ಹಿಡಿದು, ಮೇಜನ್ನು ಮೇಲಿನ ಕ್ಯಾರಿಯರಿಗೆ ಹಾಕಿಸಿದರು. ರೈಲನ್ನು ನಾನು ತೊಡೆಯ ಮೇಲೆ ಇಟ್ಟುಕೊಂಡೆ. ಸುಶೀಲೆ ಬುತ್ತಿಯ ಪಾತ್ರೆಯನ್ನು ಇಟ್ಟುಕೊಂಡಳು. ಕಡಿಯಾಳಿ ಹತ್ತಿರವಾಯಿತು. ಬಸ್ಸಿನ ವೇಗ ಇಳಿಯಲಿಲ್ಲ. ಬಸ್ಸು ನಿಲ್ಲಿಸಲು "ಹೋಲ್ಡಾನ್!" ಎಂದೆ. ಕಂಡಕ್ಟರ್ ತಿರುಗಿಯೂ ನೋಡದೆ, "ಇದು ಎಕ್ಸ್‌ಪ್ರೆಸ್ ಸರ್, ಇನ್ನು ಉಡುಪಿಯಲ್ಲೇ" ಎಂದ. ನನ್ನ ರಕ್ತ ಕುದಿಯಿತು. ಎದ್ದು ನಿಂತು ಕೂಗಾಡಿದೆ. "ಏನಯ್ಯಾ, ಅಷ್ಟು ದೊಡ್ಡ ಮೇಜು ಹೊತ್ತುಕೊಂಡು ಉಡುಪಿಯಿಂದ ನಡೆದು ಬರುವುದಾ? ಒಂದು ಗಳಿಗೆ ನಿಲ್ಲಿಸಿದ್ರೆ ನಿನ್ನ ಗಂಟು ಎಂತ ಹೋಗ್ತದೆ? ನಮ್ಮ ಮನೆ ರೋಡಿನ ಬದಿಗೇ ಉಂಟು!"

"ಕಂಡಕಂಡಲ್ಲಿ ನಿಲ್ಲಿಸಿದ್ರೆ ಎಂತ ಎಕ್ಸ್‌ಪ್ರೆಸ್ ಸರ್ ಇದು?" ಎಂದ ಆ ಅಯೋಗ್ಯ. ಅವನೇನೂ ಪ್ರದರ್ಶನಕ್ಕೆ ಬಂದವನಲ್ಲ. ಕಂಡಕ್ಟರುಗಳು ಹಾಗೆಯೇ ಹೇಳುವುದು.

ಹಿಂದಿನ ಸೀಟಿನಿಂದ, ಅದೇ ಬಸ್ಸಿನಲ್ಲಿ ಮನೆಗೆ ಹೊರಟಿದ್ದ ಗಿರಿಜಕ್ಕನ ಸ್ವರ ಕೇಳಿತು. "ನಿಲ್ಸು ಮಾರಾಯ, ಪಾಪ, ಅವರದ್ದು ಎಲ್ಲೂರಿನ ಮೇಜು." ಬಸ್ಸು ನಿಂತಿತು. ನಮ್ಮ ಗೇಟಿನ ಎದುರಿಗೇ ನಿಂತಿತು. ಕಂಡಕ್ಟರ್ ತಾನೇ ಮೇಲೆ ಹತ್ತಿ ಮೇಜನ್ನು ಇಳಿಸಿಕೊಟ್ಟ. ಬಸ್ಸಿನಲ್ಲಿದ್ದ ಒಬ್ಬನೂ ಗೊಣಗಲಿಲ್ಲ. ಅದಕ್ಕೂ ನನಗೆ ಸಿಟ್ಟು ಬಂತು. ಒಬ್ಬನಾದರೂ ಗೊಣಗಿದ್ದರೆ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು.

ಮಾರನೆಯ ಬೆಳಿಗ್ಗೆ ನಾನು ಹಳಿ ಕೀಳಲೆಂದು ಸ್ಕ್ರೂಡ್ರೈವರ್ ಹಿಡಿದು ಹೋದರೆ, ಪಡುಬಿದ್ರಿಗೂ ಲಾರೆನ್ಸರ ದೆಸೆಯಿಂದ ಫಲಕ ಕಳೆದುಕೊಂಡ ಕಾಪುವಿಗೂ ನಡುವೆ ಒಂದು ಬೆಂಕಿಪೆಟ್ಟಿಗೆ ನಿಂತಿತ್ತು. ಮೇಲೆ ಸುಶೀಲೆಯ ದುಂಡು ಅಕ್ಷರದಲ್ಲಿ "ಎಲ್ಲೂರು" ಎಂದಿತ್ತು. ಅಲ್ಲಿ ರೈಲು ಬದಿಗೆ ಸರಿದು ನಿಲ್ಲುವ ಲೂಪ್ ಲೈನ್ ಹಾಕಲು ಜಾಗವಿಲ್ಲ, ಇಳಿಜಾರು ಸರಿಬರುವುದಿಲ್ಲ ಎಂದು ಹೇಳಲು ಹೊರಟವನು ಅವಳ ಮುಖ ನೋಡಿ ಸ್ಕ್ರೂಡ್ರೈವರ್ ಕೆಳಗಿಟ್ಟೆ. "ಹಳಿ ಇರಲಿ," ಎಂದಳು. "ಊಟದ ಹೊತ್ತಿಗೆ ನಿಮ್ಮ ರೈಲು ಎಲ್ಲೂರಿನಲ್ಲಿ ನಿಂತಿರಬೇಕು. ಎಲ್ಲರ ಊಟ ಆಗದೆ ಹೊರಡಬಾರದು." ಹಾಗೆ ನಮ್ಮ ಮನೆಯಲ್ಲಿ ಬಟ್ಟಲುಗಳು ಅರಬ್ಬೀ ಸಮುದ್ರದ ಕಡೆ ಕುಳಿತವು, ಸಾರಿನ ಪಾತ್ರೆ ಮೂಲ್ಕಿಗೆ ಬಂತು. ಉಪ್ಪಿನಕಾಯಿಗೆ ಕೈ ಚಾಚಬೇಕಾದರೆ ನಾನು ಉಡುಪಿ ಸ್ಟೇಷನ್ನನ್ನು ದಾಟಬೇಕು.

ಒಮ್ಮೆ ಕರುಣಾಕರರು ಈ ಕಡೆ ಬಂದವರು ಊಟಕ್ಕೆ ನಿಂತರು. ನಾವಿಬ್ಬರೂ ಉಂಡು ಕೈ ಒಣಗಿಸಿಕೊಂಡು ಕುಳಿತಿದ್ದೆವು. ಸುಶೀಲೆ ಇನ್ನೂ ಮಜ್ಜಿಗೆ ಕಲಸುತ್ತಿದ್ದಳು. ಅವರು ಹಳೆಯ ಅಭ್ಯಾಸದಿಂದ ವಾಚು ನೋಡಿ, ಮೇಜು ತಟ್ಟಿ, "ಎಂತ ಸರ್, ನಿಮ್ಮ ಎಕ್ಸ್‌ಪ್ರೆಸ್ ಇಲ್ಲಿ ಇಷ್ಟು ಹೊತ್ತು? ಟೈಮ್ ಆಯ್ತಲ್ಲ, ರೈಟ್ ಹೇಳಿ" ಎಂದರು. ನನಗೆ ಎಲ್ಲಿಲ್ಲದ ಸಿಟ್ಟು ಬಂತು.

"ಸುಮ್ಮನೆ ಕೂತ್ಕೊಳ್ಳಿ ಮಾರಾಯ್ರೆ," ಎಂದು ಸಣ್ಣ ಸ್ವರದಲ್ಲಿ ಗದರಿದೆ. "ಇಲ್ಲಿ ರೈಟ್ ಹೇಳುವುದು ನಾನಲ್ಲ."