ಅಪ್ಪ, ನಾನು ಮತ್ತು ನಡುವಿನ ಬಿಂದು

ಮಾತು ಬಿಡುವುದಕ್ಕೆ ಇಬ್ಬರು ಸಾಲದು, ಮೂವರು ಬೇಕು. ಒಂದೇ ಮನೆಯಲ್ಲಿದ್ದು ಮಾತು ಬಿಟ್ಟವರಿಗೆ ಮಾತ್ರ ಇದು ಗೊತ್ತು. ನಡುವೆ ಒಬ್ಬ ಕೂತು ಇವರದನ್ನು ಅವರಿಗೆ, ಅವರದನ್ನು ಇವರಿಗೆ ದಾಟಿಸುತ್ತಿದ್ದರೆ ಎಷ್ಟು ವರ್ಷ ಬೇಕಾದರೂ ನೆಮ್ಮದಿಯಾಗಿ ಮಾತು ಬಿಟ್ಟಿರಬಹುದು. ನಾನೂ ನಮ್ಮ ಅಪ್ಪನೂ ಹಾಗೆ ಇದ್ದೆವು. ಬಚ್ಚಲುಮನೆಯ ಬಾಗಿಲು ಯಾವ ಕಡೆ ಇಡಬೇಕು ಎಂಬುದರಲ್ಲಿ ಜಗಳ ಶುರುವಾಗಿತ್ತು. ಗಾರೆಯವನು ಇಬ್ಬರ ಮಾತನ್ನೂ ಕೇಳದೆ ತನಗೆ ಅನುಕೂಲವಾದ ಕಡೆ ಇಟ್ಟು ಹೋದ. ಜಗಳ ನಮ್ಮಲ್ಲೇ ಉಳಿಯಿತು. ಅಪ್ಪ ತಿತಿಮತಿಯಲ್ಲಿ ಮೇಷ್ಟ್ರಾಗಿದ್ದು ನಿವೃತ್ತರಾದವರು. ನಾನು ಪಕ್ಕದ ಕಾಫಿ ಎಸ್ಟೇಟಿನ ರೈಟರು, ಅಂದರೆ ಆಳುಗಳ ಹಾಜರಿ ಬರೆಯುವವನು. ಅಮ್ಮ ಹೋಗಿ ಬಹಳ ವರ್ಷವಾಯಿತು, ಅಡುಗೆ ನನ್ನದೇ. ನನಗೆ ಮದುವೆಯಾಗಿಲ್ಲ, ಆಗಬೇಕಾದರೆ ಅಪ್ಪ ನನ್ನ ಹತ್ತಿರ ಆ ವಿಷಯ ಎತ್ತಬೇಕಲ್ಲ. ನಡುವೆ ಇದ್ದವನು ನನ್ನ ತಮ್ಮ ಸೀನು. ಈ ಸಲದ ಮಳೆ ಹಿಡಿಯುವ ಮೊದಲೇ ಅವನು ತೀರಿಕೊಂಡ.

ಸೀನು ಮೈಸೂರಿನಲ್ಲಿ ವಿದ್ಯುತ್ ಎಂಜಿನಿಯರಿಂಗ್ ಓದುತ್ತಿದ್ದ. ಹೃದಯದ ಕವಾಟ ಸರಿಯಿಲ್ಲ, ಮೆಟ್ಟಿಲು ಹತ್ತಬಾರದು ಎಂದು ಡಾಕ್ಟರು ಹೇಳಿದ ಮೇಲೆ ಕೆಲವು ವರ್ಷಗಳ ಹಿಂದೆ ಪುಸ್ತಕದ ಟ್ರಂಕಿನ ಸಮೇತ ಮನೆಗೆ ಬಂದ; ಬಚ್ಚಲಿನ ಜಗಳ ಅದರ ಬೆನ್ನಿಗೇ ಶುರುವಾದದ್ದು. ಮಲಗಿಯೇ ಓದಿ ಕೊನೆಯ ಪರೀಕ್ಷೆಗೆ ಕೂರುತ್ತೇನೆ ಎಂಬ ಹಟ. "ಯಾರಿಗಾದ್ರೂ ಹೇಳಿಕೊಟ್ರೆ ನಂಗೆ ಗಟ್ಟಿಯಾಗುತ್ತೆ, ಕೂತ್ಕೋ ಅಣ್ಣ" ಎಂದು ನನ್ನನ್ನು ಎದುರಿಗೆ ಕೂರಿಸಿಕೊಳ್ಳುತ್ತಿದ್ದ. ಎಸ್ಸೆಸ್ಸೆಲ್ಸಿಯಲ್ಲಿ ಗಣಿತವನ್ನು ಹೇಗೋ ದಾಟಿದವನಿಗೆ ಇಂಥ ಗುರು. ಯಂತ್ರಗಳನ್ನು ಹತೋಟಿಯಲ್ಲಿಡುವ ಲೆಕ್ಕವಂತೆ, ಸಿಗ್ನಲ್ ಫ್ಲೋ ಗ್ರಾಫ್ ಅಂತ ಹೆಸರು, ಅಮೆರಿಕದಲ್ಲಿ ಹೊಸದಾಗಿ ಬಂದದ್ದು. ಅಪ್ಪನ ಹಳೆಯ ಸ್ಲೇಟಿನ ಮೇಲೆ ಪುಟ್ಟ ಪುಟ್ಟ ವೃತ್ತ ಹಾಕುತ್ತಿದ್ದ, ಅವು ಬಿಂದುಗಳು. ಒಂದರಿಂದ ಇನ್ನೊಂದಕ್ಕೆ ಬಾಣ, ಬಾಣದ ಮೇಲೆ ಒಂದು ಅಂಕಿ. ಹೊರಟದ್ದು ಆ ಅಂಕಿಯಷ್ಟು ಹಿಗ್ಗಿಯೋ ಕುಗ್ಗಿಯೋ ಆಚೆ ಮುಟ್ಟುತ್ತದೆ. ಬಾಣ ಹೋದ ದಿಕ್ಕಿಗೇ ಹೋಗಬೇಕು, ಹಿಂದಕ್ಕೆ ಬರುವಂತಿಲ್ಲ. ಬರಬೇಕಾದರೆ ಬೇರೆ ಬಾಣ ಹಾಕಬೇಕು. ಬಿಂದುವಿನ ಕೆಲಸ ಇಷ್ಟೇ: ತನ್ನ ಕಡೆಗೆ ಬಂದದ್ದನ್ನೆಲ್ಲ ಕೂಡಿಟ್ಟುಕೊಳ್ಳುವುದು. ಇದನ್ನು ಅವನು ನಗುತ್ತ ಹೇಳಿದ್ದ. ನಾನೂ ಆಗ ನಕ್ಕಿದ್ದೆ.

ನಾನು ತೂಕಡಿಸುವುದನ್ನು ನೋಡಿ ಒಂದು ದಿನ ಅವನು ನಮ್ಮ ಮನೆಯನ್ನೇ ಸ್ಲೇಟಿನ ಮೇಲೆ ಬರೆದ. ಆ ಕಡೆ ಅಪ್ಪ, ಈ ಕಡೆ ನಾನು, ನಡುವೆ ಅವನು. ಅಪ್ಪನಿಂದ ನನ್ನವರೆಗೆ ಬಾಣಗಳು, ನನ್ನಿಂದ ಅಪ್ಪನವರೆಗೆ ಬಾಣಗಳು; ಸುತ್ತಿ ಬಂದರೆ ಒಂದು ಲೂಪು. "ಲೂಪಲ್ಲಿ ಸುತ್ತಿ ಬಂದಿದ್ದು ಪ್ರತಿಸಲ ದೊಡ್ಡದಾಗ್ತಾ ಹೋದ್ರೆ ಏನಾಗುತ್ತೆ ಗೊತ್ತಾ? ಅಪ್ಪನ ಸ್ಕೂಲಲ್ಲಿ ಬಾವುಟ ಹಾರಿಸುವಾಗ ಮೈಕು ಕಿರುಚಿಕೊಳ್ತಿತ್ತಲ್ಲ, ಅದೇ. ಅದಕ್ಕೇ ನಡುವೆ ಎಲ್ಲಾದ್ರೂ ಒಂದು ಮೈನಸ್ ಇರ್ಬೇಕು" ಎಂದ. ಆ ಮೈನಸ್ ಅವನೇ ಎಂದು ನನಗೆ ಆಗ ಹೊಳೆಯಲಿಲ್ಲ. ಅಪ್ಪ ಒಳಕೋಣೆಯಿಂದ, "ಆ ಕತ್ತೆಗೆ ಹೇಳು, ಇವತ್ತಿನ ಸಾರು ಕುಡಿಯೋಕೆ ದನ ಕೂಡ ಒಪ್ಪಲ್ಲ" ಅನ್ನುವರು. ಗೋಡೆಯ ಈಚೆ ಇರುವ ನನಗೆ ಅಕ್ಷರಕ್ಷರ ಕೇಳಿಸುತ್ತದೆ. ಆದರೂ ಸೀನು ಎದ್ದು ಬಂದು, "ಅಣ್ಣ, ನಾಳೆ ಹುಳಿ ಒಂಚೂರು ಕಮ್ಮಿ ಹಾಕ್ತೀಯಾ?" ಅನ್ನುವನು. ನಾನು, "ಬೇಡಾದ್ರೆ ಬಿಡೋಕೆ ಹೇಳು" ಅನ್ನುವೆ. ಅಪ್ಪನ ಕಿವಿಯೂ ಚುರುಕೇ. ಆದರೂ ಅವನು ಹೋಗಿ, "ಅಪ್ಪಾ, ಗಂಜಿ ಕಾಯಿಸಿಕೊಡ್ಲಾ ಅಂತ ಕೇಳ್ತಿದಾನೆ" ಅನ್ನುವನು. ಇಬ್ಬರೂ ನಿಜವಾದದ್ದನ್ನು ಬಿಟ್ಟು ಅವನು ಹೇಳಿದ್ದನ್ನೇ ಕೇಳಿಸಿಕೊಂಡವರ ಹಾಗೆ ನಡೆದುಕೊಳ್ಳುತ್ತಿದ್ದೆವು. ಹೊರಗಿನವರು ನೋಡಿದ್ದರೆ ಮೂವರಿಗೂ ತಲೆ ಕೆಟ್ಟಿದೆ ಅನ್ನುತ್ತಿದ್ದರು.

ವೈಕುಂಠ ಸಮಾರಾಧನೆಯವರೆಗೆ ಮನೆ ತುಂಬ ನೆಂಟರಿದ್ದರು, ದಾಟಿಸುವವರಿಗೆ ಬರವಿರಲಿಲ್ಲ. ಅವರೆಲ್ಲ ಬಸ್ಸು ಹತ್ತಿದ ಮೇಲೆ ಅಪ್ಪ ಊಟಕ್ಕೆ ಬರುವುದನ್ನು ನಿಲ್ಲಿಸಿದರು. ಹಟ ಹಿಡಿದು ಅಲ್ಲ, ಅವರನ್ನು ಕರೆಯುವವರಿರಲಿಲ್ಲ. ನಾನು ತಟ್ಟೆಯನ್ನು ಸದ್ದು ಮಾಡಿ ಇಡುತ್ತಿದ್ದೆ. ಅಂಗಳದಲ್ಲಿದ್ದ ನಮ್ಮ ಕರುವನ್ನು ನೋಡಿಕೊಂಡು, "ಅನ್ನ ಆರಿಹೋಗುತ್ತೆ" ಎಂದು ಗಟ್ಟಿಯಾಗಿ ಹೇಳಿದೆ. ಕರು ಬಂತು. ಅಪ್ಪ ಜಗಲಿಯಲ್ಲಿ ಕೂತೇ ಇದ್ದರು. ಬೆಳಿಗ್ಗೆ ಇಟ್ಟ ಕಾಫಿ ಸಂಜೆಗೆ ಕೆನೆಗಟ್ಟಿ ಅಲ್ಲೇ ಇರುತ್ತಿತ್ತು. ಕತ್ತಿನ ಮೂಳೆ ಎದ್ದು ಕಾಣತೊಡಗಿತು. ಇನ್ನೊಂದು ಚಟ್ಟ ಕಟ್ಟಬೇಕಾಗುತ್ತದೆ ಎಂದು ನನಗೆ ಸ್ಪಷ್ಟವಾಗಿ ಗೊತ್ತಿತ್ತು, ಆದರೂ ಬಾಯಿ ಬರಲಿಲ್ಲ. ಕಡೆಗೆ ಪಕ್ಕದ ತೋಟದ ಪೂವಯ್ಯನವರ ಮೊರೆ ಹೋದೆ. ಅವರು ಮಿಲಿಟರಿಯಲ್ಲಿದ್ದವರು. "ಸ್ವಲ್ಪ ಊಟ ಮಾಡಬೇಕಂತೆ ಅಂತ ಮೆಲ್ಲಗೆ ಹೇಳಿ" ಎಂದೆ. "ಅದಕ್ಕೆಂತ, ಈಗಲೇ ಹೇಳುವ" ಎಂದು ಅವರು ಗೇಟಿನಿಂದಲೇ ಕೂಗಿದರು: "ಮೇಷ್ಟ್ರೇ, ತಿನ್ನದೆ ಸಾಯುವ ಅಂತ ಉಂಟಾ ಅಂತ ಕೇಳ್ತಾ ಉಂಟು ನಿಮ್ಮ ಮಗ." ಅಪ್ಪ ಎದ್ದು ಒಳಗೆ ಹೋಗಿ ಕದ ಹಾಕಿಕೊಂಡರು. ಪೂವಯ್ಯನವರು ನನ್ನ ಕಡೆ ತಿರುಗಿ, "ಹೇಳಿ ಆಯ್ತಲ್ಲ" ಎಂದರು.

ಮಾರನೆಯ ದಿನ ಮಧ್ಯಾಹ್ನ ಅನ್ನ ಬಸಿಯುತ್ತಿದ್ದಾಗ ಸೀನುವಿನ ಒಂದು ಪಾಠ ನೆನಪಾಯಿತು. ಚಿತ್ರ ಗೋಜಲಾದರೆ ನಡುವಿನ ಬಿಂದುವನ್ನು ಅಳಿಸಿಬಿಡಬಹುದಂತೆ. ಒಳಗೆ ಬಂದ ಬಾಣ, ಹೊರಗೆ ಹೋದ ಬಾಣ, ಎರಡನ್ನೂ ತೆಗೆದು ನೇರವಾಗಿ ಒಂದೇ ಬಾಣ ಎಳೆಯಬೇಕು. "ಆದ್ರೆ ಆ ಎರಡರ ಅಂಕಿನೂ ಗುಣಿಸಿ ಹೊಸದರ ಮೇಲೆ ಬರೀಬೇಕು ಅಣ್ಣ. ಬಿಂದು ಹೋದ್ರೂ ಅದು ಮಾಡ್ತಿದ್ದ ಕೆಲಸ ಉಳೀಬೇಕು. ಇಲ್ಲಾಂದ್ರೆ ಲೆಕ್ಕ ಪೂರ್ತಿ ತಪ್ಪು." ಅಳಿಸಿದ್ದಂತೂ ಆಗಿತ್ತು. ಕೈ ಒರೆಸಿಕೊಂಡು ಜಗಲಿಗೆ ಹೋದೆ. ಹೇಳಬೇಕೆಂದುಕೊಂಡದ್ದು, ಊಟಕ್ಕೆ ಬನ್ನಿ ಎಂದು. ಆ ಮನೆಯಲ್ಲಿ ಆ ಮಾತನ್ನು ಇಷ್ಟು ವರ್ಷ ಹೇಳಿದವನು ಒಬ್ಬನೇ. ಅದು ನನ್ನ ಬಾಯಿಗೂ ಅವನ ಹಾಗೆಯೇ ಬಂತು.

"ಅಪ್ಪಾ, ಅಣ್ಣ ಊಟಕ್ಕೆ ಕರೀತಿದಾನೆ."

ನಾಲಿಗೆ ಕಚ್ಚಿಕೊಂಡೆ. ಅಪ್ಪ ತಲೆ ಎತ್ತಿ ನನ್ನನ್ನು ನೋಡಿದರು. ಹಾಗೆ ಅವರು ನೋಡಿ ಎಷ್ಟೋ ಕಾಲವಾಗಿತ್ತು. ಆಮೇಲೆ ಪಂಚೆ ಸರಿಮಾಡಿಕೊಳ್ಳುತ್ತ, "ಬಂದೆ ಅಂತ ಹೇಳು ಅವನಿಗೆ" ಎಂದರು.

ಒಳಗೆ ಹೋಗಿ ತಟ್ಟೆ ಹಾಕಿದೆ. ಅಪ್ಪ ಕೂತರು. ನಾಲ್ಕು ತುತ್ತು ತಿಂದರು. ಕಣ್ಣೊರೆಸಿಕೊಂಡು ಇನ್ನೂ ಒಂದಿಷ್ಟು ತಿಂದರು. ನಾನು ಒಲೆಯ ಕಡೆ ಮುಖ ಮಾಡಿ ನಿಂತಿದ್ದೆ. ಕೈ ತೊಳೆಯಲು ಏಳುವಾಗ ಅಪ್ಪ, "ಅನ್ನ ಬೆಂದಿಲ್ಲ ಅಂತ ಹೇಳು" ಎಂದರು. ಎರಡು ಹೆಜ್ಜೆ ಹೋಗಿ ತಿರುಗಿ ನಿಂತು, "ಮೆತ್ತಗೆ ಹೇಳು" ಎಂದರು.

ಎಷ್ಟು ಮೆತ್ತಗೆ ಸಾಧ್ಯವೋ ಅಷ್ಟು ಮೆತ್ತಗೆ ನನಗೆ ನಾನೇ ಹೇಳಿಕೊಂಡೆ. ಆದರೂ ಸಿಟ್ಟು ಬಂತು.