ಇಪ್ಪತ್ತೈದನೇ ನಂಬರಿನ ಅಭ್ಯರ್ಥಿ

ನನ್ನ ಹೆಂಡತಿ ಎನ್‌ಕಾರ್ನಾಗೆ ನನ್ನ ಮೇಲೆ ಪ್ರೀತಿ ಇದೆಯೇ ಎಂದು ಮದುವೆಯಾದ ಮೂವತ್ತೊಂದು ವರ್ಷಗಳಲ್ಲಿ ನಾನು ಒಮ್ಮೆಯೂ ಕೇಳಿರಲಿಲ್ಲ. ಕೇಳಿದರೆ ಎಲ್ಲಿ ಉತ್ತರ ಹೇಳಿಬಿಡುತ್ತಾಳೋ ಎಂಬ ಭಯ. ಆದರೆ ಈ ಸಲ ಆಫ್ರಿಕಾದ ದಡದಲ್ಲಿರುವ ನಮ್ಮ ಸ್ಪೇನಿನ ಸೆಯೂತಾ ನಗರದ ಅಸೆಂಬ್ಲಿ ಚುನಾವಣೆಯಲ್ಲಿ ಅದಕ್ಕಿಂತ ಕಷ್ಟದ ಪ್ರಶ್ನೆ ಕೇಳಬೇಕಾಗಿ ಬಂತು. ನನಗೆ ವೋಟು ಹಾಕುತ್ತೀಯಾ?

ಇದಕ್ಕೆಲ್ಲ ಮೂಲ ನಮ್ಮ ಹಲ್ಲಿನ ಡಾಕ್ಟರು ಬೆನಿಗ್ನೊ. ಆತ 'ಎರಡು ಕಡಲ ಒಕ್ಕೂಟ' ಎಂಬ ಹೊಸ ಪಕ್ಷ ಕಟ್ಟಿದ್ದ. ಕಣಕ್ಕಿಳಿಯುವ ಪಕ್ಷ ಇಪ್ಪತ್ತೈದು ಹೆಸರುಗಳ ಪೂರ್ತಿ ಪಟ್ಟಿ ಕೊಡಲೇಬೇಕಷ್ಟೆ; ಜನ ವೋಟು ಹಾಕುವುದು ಇಡೀ ಪಟ್ಟಿಗೆ, ಸೀಟು ಸಿಗುವುದು ಮೇಲಿನ ಹೆಸರಿನಿಂದ ಕೆಳಕ್ಕೆ. ಅವನ ಇಬ್ಬರು ತಂಗಿಯರು, ಭಾವ, ಕ್ಲಿನಿಕ್ಕಿನ ನರ್ಸು, ಮತ್ತು ಬಾಯಿ ತೆರೆದು ಕೂತಿದ್ದಾಗ ಕೇಳಿದ್ದರಿಂದ ಬೇಡ ಎನ್ನಲಾಗದ ಹಲವಾರು ರೋಗಿಗಳು, ಎಲ್ಲ ಸೇರಿ ಇಪ್ಪತ್ನಾಲ್ಕು ಆಗಿತ್ತು.

"ಸಿಲ್ವೇರಿಯೊ, ನಿನ್ನಂಥ ಅನುಭವಸ್ಥರು ಇಲ್ಲದೆ ಈ ಊರು ಉದ್ಧಾರ ಆಗಲ್ಲ ಮಾರಾಯ" ಎಂದು ಬಾರಿನಲ್ಲಿ ಕಾಫಿ ಕುಡಿಯುತ್ತಾ ಹೇಳಿದ. ನನ್ನ ಬಾಯಿ ಮುಚ್ಚಿಯೇ ಇತ್ತು. ಆದರೂ ಬೇಡ ಎನ್ನಲಿಲ್ಲ.

ಮನೆಗೆ ಓಡಿದೆ. ಎನ್‌ಕಾರ್ನಾ ಮೊಟ್ಟೆಯ ತೊರ್ತಿಯಾಕ್ಕೆ ಈರುಳ್ಳಿ ಹೆಚ್ಚುತ್ತಿದ್ದಳು.

"ಲೇ, ನಿನ್ನ ಗಂಡ ಅಸೆಂಬ್ಲಿ ಅಭ್ಯರ್ಥಿ ಕಣೇ!"

"ಎಷ್ಟನೇ ನಂಬರು?"

"ಈಗ ನಂಬರಿನ ಮಾತು ಯಾಕೆ?"

"ಎಷ್ಟನೇದು ಹೇಳೋ."

"ಇಪ್ಪತ್ತೈದು."

"ಪಟ್ಟಿಯಲ್ಲಿ ಇರೋದೇ ಇಪ್ಪತ್ತೈದು. ಅಂದ್ರೆ ಇಡೀ ಊರು ಬೇರೆ ಯಾರಿಗೂ ವೋಟು ಹಾಕದೆ ಇದ್ರೆ ನೀನು ಗೆಲ್ತೀಯ."

ಈರುಳ್ಳಿಯಿಂದ ಅವಳ ಕಣ್ಣಲ್ಲಿ ನೀರು ಬರುತ್ತಿತ್ತು. (ನಗುವಿನಿಂದ ಎಂದು ನನಗೆ ಆಮೇಲೆ ಗೊತ್ತಾಯಿತು.)

ನಿಜ ಹೇಳುತ್ತೇನೆ, ಆ ಇಪ್ಪತ್ತೈದು ನನ್ನನ್ನು ಚುಚ್ಚುತ್ತಲೇ ಇತ್ತು. ಮೂವತ್ತು ವರ್ಷ ಬಂದರಿನ ಟಿಕೆಟ್ ಕೌಂಟರಿನಲ್ಲಿ ಕೂತು, ಎದುರು ದಡದ ಆಲ್ಹೆಸಿರಾಸ್ ಊರಿನ ಹಡಗಿಗೆ ಹೋಗುವವರನ್ನೆಲ್ಲ ಸಾಲಿನಲ್ಲಿ ನಿಲ್ಲಿಸಿದವನು ನಾನು. ಸಾಲಿನ ಕೊನೆಯಲ್ಲಿ ನಿಂತು ಅಭ್ಯಾಸವಿಲ್ಲ.

ಆದರೂ ಧೃತಿಗೆಡದೆ ಮತಯಾಚನಾ ಪರ್ವ ಆರಂಭಿಸಿದೆ. ಮೇಲಿನ ಮನೆಯ ಯಾಮಿನಾ ಪುದೀನ ಚಹಾ ಕೊಟ್ಟು, "ನಿಮಗಲ್ಲದೆ ಇನ್ಯಾರಿಗೆ ಅಣ್ಣಾ?" ಎಂದಳು. ಬಟ್ಟೆ ಅಂಗಡಿಯ ಲಛಮನದಾಸ್, "ನನ್ನ ವೋಟು ನಿಮ್ಮ ಜೇಬಲ್ಲೇ ಇದೆ ಅಂತ ತಿಳ್ಕೊಳ್ಳಿ ಸಾರ್, ಆದರೆ ಆ ಜೇಬು ಹೊಸ ಸೂಟಿನದಾಗಿರಲಿ" ಎಂದು ಒಂದು ಸೂಟು ಮಾರಿಯೇಬಿಟ್ಟ. ಕೂಸು ಹುಟ್ಟುವ ಮುಂಚೆ ಕುಲಾವಿ ಎನ್ನುತ್ತಾರಲ್ಲ, ಅದು ನೀಲಿ ಬಣ್ಣದ್ದಾಗಿತ್ತು. ಅತ್ತೆ ಮಾತ್ರ, "ನನಗೆ ಅಕ್ಷರ ಕಾಣಲ್ಲಪ್ಪ" ಎಂದರು. (ಬಿಂಗೋ ಆಡುವಾಗ ಎದುರಿನವರ ಚೀಟಿಯೂ ಕಾಣುತ್ತದೆ.) ನಮ್ಮ ಮತಗಟ್ಟೆಯೊಂದರಲ್ಲೇ ಕಡಿಮೆಯೆಂದರೂ ಹನ್ನೆರಡು ವೋಟು ಖಂಡಿತ ಎಂದು ಬಾರಿನಲ್ಲಿ ಸಾರಿದೆ.

ಅಷ್ಟರಲ್ಲಿ ಮನೆಗೆ ರಿಜಿಸ್ಟರ್ಡ್ ಪತ್ರ ಬಂತು. ಮತಗಟ್ಟೆ ನಡೆಸುವವರನ್ನು ನಮ್ಮಲ್ಲಿ ಮತದಾರರೊಳಗಿಂದಲೇ ಚೀಟಿ ಎತ್ತಿ ಆರಿಸುತ್ತಾರೆ; ಈ ಸಲ ಎತ್ತಿದಾಗ ನಮ್ಮ ಮತಗಟ್ಟೆಗೆ ಅಧ್ಯಕ್ಷೆಯಾಗಿ ಎನ್‌ಕಾರ್ನಾ ಹೆಸರು ಬಂದಿತ್ತು! ಊರಿನ ಉದ್ಧಾರಕ್ಕೆ ಹೊರಟ ನಾನು ಇಪ್ಪತ್ತೈದನೆಯವನು, ಈರುಳ್ಳಿ ಹೆಚ್ಚುತ್ತಿದ್ದವಳು ಅಧ್ಯಕ್ಷೆ. ಹೊಟ್ಟೆ ಉರಿಯಲಿಲ್ಲ ಎಂದರೆ ಸುಳ್ಳಾಗುತ್ತದೆ.

ಅವಳೋ ಸರ್ಕಾರದ ಕೈಪಿಡಿಯನ್ನು ಪರೀಕ್ಷೆಗೆ ಓದುವಂತೆ ಓದಿದಳು. ದಿನಾ ತಿಂಡಿಯ ಹೊತ್ತಿಗೆ ನನಗೂ ಪಾಠ.

"ಇಲ್ಲಿ ಕೇಳು. ಮತಪತ್ರದ ಮೇಲೆ ಏನಾದ್ರೂ ಗೀಚಿದ್ರೆ..."

"ನನಗೇ ಹೇಳಿಕೊಡ್ತೀಯ? ನಾನು ಅಭ್ಯರ್ಥಿ. ನೀನು ಚೀಟಿಯಲ್ಲಿ ಬಂದವಳು. ಅದಿರಲಿ, ನನಗೆ ವೋಟು ಹಾಕ್ತೀಯೋ ಇಲ್ವೋ?"

"ಗುಪ್ತ ಮತದಾನ."

"ಗಂಡನ ಹತ್ತಿರ ಎಂಥ ಗುಪ್ತ?"

"ಅಭ್ಯರ್ಥಿ ಹತ್ತಿರ ಪೂರ್ತಿ ಗುಪ್ತ" ಎಂದು ಬ್ರೆಡ್ಡಿಗೆ ಎಣ್ಣೆ ಸುರಿದುಕೊಂಡಳು.

ಯಾಮಿನಾ, ಲಛಮನದಾಸ್ ಎಲ್ಲ ಹಾಗಿರಲಿ. ಇವಳೊಬ್ಬಳು ಹಾಕದಿದ್ದರೆ ನಾನು ಯಾವ ಮುಖ ಹೊತ್ತು ತಿರುಗಲಿ? ಆ ಯೋಚನೆ ನನ್ನನ್ನು ತಿನ್ನತೊಡಗಿತು.

ಭಾನುವಾರ ಬಂತು. ಅವಳು ಎಂಟಕ್ಕೇ ಶಾಲೆಯಲ್ಲಿದ್ದ ಮತಗಟ್ಟೆಗೆ ಹೋದಳು. ಒಂಬತ್ತಕ್ಕೆ ಬಾಗಿಲು ತೆರೆದಾಗ ಸಾಲಿನಲ್ಲಿ ಮೊದಲನೆಯವನು ನಾನೇ, ನೀಲಿ ಸೂಟಿನಲ್ಲಿ.

"ಗುರುತಿನ ಚೀಟಿ?" ಎಂದಳು ಎನ್‌ಕಾರ್ನಾ.

"ಲೇ, ನಾನು ಕಣೇ!"

"ಗುರುತಿನ ಚೀಟಿ ತೋರಿಸಿ ಸ್ವಾಮಿ. ಹಿಂದೆ ಜನ ಕಾಯ್ತಿದ್ದಾರೆ."

ಮೂವತ್ತೊಂದು ವರ್ಷದಲ್ಲಿ ಮೊದಲ ಸಲ ನನ್ನನ್ನು ಬಹುವಚನದಲ್ಲಿ ಕರೆದಳು. ಚೀಟಿ ತೋರಿಸಿ ಪರದೆಯ ಹಿಂದೆ ಹೋದೆ. ಮತಪತ್ರವೆಂದರೆ ಪಕ್ಷದ ಅಚ್ಚಾದ ಪಟ್ಟಿಯೇ. ನಮ್ಮ ಪಕ್ಷದ್ದನ್ನು ಕೈಗೆತ್ತಿಕೊಂಡರೆ ನನ್ನ ಹೆಸರು ತೀರಾ ತಳದಲ್ಲಿ, ಬೆನಿಗ್ನೊನ ನರ್ಸಿಗಿಂತ ಕೆಳಗೆ. ನನ್ನ ಕೈ ತಾನಾಗಿ ಜೇಬಿಗೆ ಹೋಯಿತು. ಪೆನ್ನು ತೆಗೆದು 25ನ್ನು ಹೊಡೆದುಹಾಕಿ, ಪಕ್ಕದಲ್ಲಿ ದಪ್ಪಗೆ 1 ಎಂದು ಬರೆದೆ. ಯಾರು ನೋಡುತ್ತಾರೆ? ನನ್ನ ಮನಸ್ಸಿಗಂತೂ ತಂಪಾಯಿತು. ಲಕೋಟೆಗೆ ಹಾಕಿ, ಗಾಜಿನ ಪೆಟ್ಟಿಗೆಯ ತಳಕ್ಕೆ ಇಳಿಬಿಟ್ಟೆ.

ಇಡೀ ದಿನ ಅಭ್ಯರ್ಥಿಯ ಗತ್ತಿನಲ್ಲಿ ಅಲ್ಲೇ ಕೂತೆ. ಯಾಮಿನಾ ಬಂದು ಕಣ್ಣು ಮಿಟುಕಿಸಿದಳು. ಲಛಮನದಾಸ್ ಸೂಟಿನ ತೋಳು ಸರಿಮಾಡಿ ಹೋದ. ಸಂಜೆ ಎಂಟಕ್ಕೆ ಬಾಗಿಲು ಹಾಕಿದರು. ಮತಗಟ್ಟೆಯವರು ವೋಟು ಹಾಕುವುದು ಎಲ್ಲರದೂ ಮುಗಿದ ಮೇಲೆ. ಎನ್‌ಕಾರ್ನಾ ಎದ್ದು ಪರದೆಯ ಹಿಂದೆ ಹೋದಳು. ತುಂಬ ಹೊತ್ತು ಬರಲಿಲ್ಲ. ಕೊನೆಗೆ ಬಂದು, ನನ್ನ ಕಡೆ ನೋಡದೆ ತನ್ನ ಲಕೋಟೆಯನ್ನು ತುಂಬಿದ ಪೆಟ್ಟಿಗೆಯ ಮೇಲೆ ಎಲ್ಲಕ್ಕಿಂತ ಕೊನೆಯದಾಗಿ ಹಾಕಿದಳು.

ಎಣಿಕೆ ಶುರುವಾಯಿತು. ಅಧ್ಯಕ್ಷೆ ಮೇಲಿನ ಲಕೋಟೆ ಎತ್ತಿ, ಬಿಡಿಸಿ, ಗಂಟಲು ಸರಿಮಾಡಿಕೊಂಡು ಓದಿದಳು: "ಎರಡು ಕಡಲ ಒಕ್ಕೂಟ."

"ನಂದು! ಅದು ನಂದು!" ಎಂದು ಕುರ್ಚಿಯಿಂದ ಹಾರಿದೆ.

"ಕೂತ್ಕೊಳ್ಳಿ ಸ್ವಾಮಿ" ಎಂದಳು. ಅವಳ ಕಿವಿ ಕೆಂಪಾಗಿತ್ತು.

ಆಮೇಲೆ ಬಂದವೆಲ್ಲ ದೊಡ್ಡ ಪಕ್ಷಗಳವು. ನೂರಾಯಿತು, ಇನ್ನೂರಾಯಿತು, ಮುನ್ನೂರಾಯಿತು. ಯಾಮಿನಾಳ ವೋಟು ಎಲ್ಲಿ? ಲಛಮನದಾಸನದೆಲ್ಲಿ? ಬಹುಶಃ ಹಳೆಯ ಸೂಟಿನ ಜೇಬಿನಲ್ಲಿರಬೇಕು. ಕಡೆಗೆ ಪೆಟ್ಟಿಗೆಯ ತಳದಲ್ಲಿ ಒಂದೇ ಲಕೋಟೆ ಉಳಿಯಿತು. ಎನ್‌ಕಾರ್ನಾ ಅದನ್ನು ಬಿಡಿಸಿದಳು. ಹಾಳೆ ನೋಡಿದಳು. ನನ್ನನ್ನು ನೋಡಿದಳು. ಮತ್ತೆ ಹಾಳೆ ನೋಡಿದಳು.

"ಕುಲಗೆಟ್ಟ ಮತ" ಎಂದಳು.

"ಕಾರಣ?" ಎಂದ ಯಾವುದೋ ಪಕ್ಷದ ಏಜೆಂಟು.

"ಇಪ್ಪತ್ತೈದನೇ ಅಭ್ಯರ್ಥಿಗೆ ಯಾರೋ ಒಂದನೇ ನಂಬರಿಗೆ ಬಡ್ತಿ ಕೊಟ್ಟಿದ್ದಾರೆ."

ಇಡೀ ಕೋಣೆ ನನ್ನ ಕಡೆ ತಿರುಗಿ ನಕ್ಕಿತು. ಏಜೆಂಟು ಮೇಜು ಹಿಡಿದುಕೊಂಡು ನಕ್ಕ. ನನಗೆ ಸೂಟಿನೊಳಗೇ ಇಳಿದುಹೋಗೋಣ ಅನಿಸಿತು. ಅಧ್ಯಕ್ಷೆ ಮಾತ್ರ ನಗದೆ ಬರೆದುಕೊಂಡಳು: ಎರಡು ಕಡಲ ಒಕ್ಕೂಟ, ಒಂದು ಮತ.

ಒಂದು! ನನ್ನದು ಕುಲಗೆಟ್ಟಿತು. ಹಾಗಾದರೆ ಮೇಲಿದ್ದ ಆ ಒಂದು?

ಮನೆಗೆ ಇಳಿಜಾರಿನಲ್ಲಿ ನಡೆಯುತ್ತಾ ಮೆಲ್ಲಗೆ ಕೇಳಿದೆ. "ಎನ್‌ಕಾರ್ನಾ, ಆ ಮೊದಲನೇದು..."

"ಗುಪ್ತ ಮತದಾನ" ಎಂದಳು. ನಾಲ್ಕು ಹೆಜ್ಜೆ ಆದ ಮೇಲೆ, "ಇಡೀ ಮತಗಟ್ಟೆಯಲ್ಲಿ ಒಬ್ಬಳು ನಿನ್ನ ನಂಬಿ ಹಾಕಿದ್ಲು. ನೀನೇ ಹಾಕ್ಕೊಳ್ಲಿಲ್ವಲ್ಲೋ!" ಎಂದಳು.

ಮೂವತ್ತೊಂದು ವರ್ಷದ ಪ್ರಶ್ನೆಗೆ ಉತ್ತರ ಸಿಕ್ಕಿತ್ತು. ಸಂತೋಷ ತಡೆಯದೆ ಅವಳ ಕೈ ಹಿಡಿದುಕೊಂಡೆ. ಆಗ ಅವಳು ಸಾವಕಾಶವಾಗಿ ಹೇಳಿದಳು:

"ಬೆನಿಗ್ನೊ ಫೋನ್ ಮಾಡಿದ್ದ. ಮತಗಟ್ಟೆ ಎಷ್ಟು ಚೆನ್ನಾಗಿ ನಡೆಸಿದೆ ಅಂತ ಊರೆಲ್ಲ ಹೇಳ್ತಿದೆಯಂತೆ. ಮುಂದಿನ ಸಲ ನಾನು ನಿಲ್ಲಬೇಕಂತೆ."

"ಎಷ್ಟನೇ ನಂಬರು?"

"ಒಂದು. ನಿಂಗೆ ಇಪ್ಪತ್ತೈದು ಇದ್ದೇ ಇದೆ ಅಂದ" ಎಂದು, ನನ್ನ ಸೂಟಿನ ಜೇಬಿನಿಂದ ಪೆನ್ನು ತೆಗೆದು ತನ್ನ ಚೀಲಕ್ಕೆ ಹಾಕಿಕೊಂಡಳು.